ಹುಡುಕುಯಂತ್ರದ ಕೃಪಾಕಟಾಕ್ಷ

ಹೆಗ್ಗಡದೇವನಕೋಟೆಯ ಸೀಮೆಯಲ್ಲಿ, ಕಬಿನಿಯ ಹಿನ್ನೀರಿನ ಬಳಿ ನಾಲ್ಕು ಕೋಣೆಗಳ ಹೋಮ್‌ಸ್ಟೇ ಕಟ್ಟಿ, ಅಂತರ್ಜಾಲದಲ್ಲೊಂದು ತಾಣವನ್ನೂ ತೆರೆದ ಗೃಹಸ್ಥನಿಗೆ, ದಮ್ಮನಕಟ್ಟೆಯ ಸಫಾರಿಯಲ್ಲಿ ಹುಲಿಯ ದರ್ಶನವಾದರೂ ಆದೀತು, ಗೂಗಲ್ಲಿನ ಮೊದಲ ಪುಟದಲ್ಲಿ ಸ್ವನಾಮದ ದರ್ಶನ ಮಾತ್ರ ದುರ್ಲಭವೆಂಬುದು ಬೇಗನೆ ಮನದಟ್ಟಾಗುತ್ತದೆ. ಬೆಂಗಳೂರಿನ ಪ್ರವಾಸಿಯು ‘ಕಬಿನಿ’ ಎಂದು ಹುಡುಕುವನೇ ಹೊರತು ತಾಲ್ಲೂಕಿನ ಅಷ್ಟಾಕ್ಷರಿಯನ್ನು ಜಪಿಸುವುದಿಲ್ಲ. ಇದನ್ನರಿತು ಆತನು ರಾಮಕೋಟಿ ಬರೆಯುವ ಶ್ರದ್ಧೆಯಿಂದ ಪುಟದ ತುಂಬ ‘ಕಬಿನಿ, ಕಬಿನಿ’ ಎಂದು ಬರೆಯಿಸಿದನಾದರೆ, ಮೋಕ್ಷಕ್ಕೆ ಬದಲಾಗಿ ಪಾತಾಳವೇ ಪ್ರಾಪ್ತಿ. ಏಕೆಂದರೆ ಇಂತಹ ನಾಮಜಪವನ್ನು ಗೂಗಲ್ ವಂಚನೆಯೆಂದೇ ಎಣಿಸುತ್ತದೆ. 1998ರಲ್ಲಿ ಲ್ಯಾರಿ ಪೇಜ್, ಸರ್ಗೇ ಬ್ರಿನ್ ಎಂಬಿಬ್ಬರು ಸ್ಥಾಪಿಸಿದ ಈ ಸಂಸ್ಥೆಯ ಮೂಲತತ್ತ್ವವೆಂದರೆ, ತನ್ನನ್ನು ತಾನೇ ಹೊಗಳಿಕೊಳ್ಳುವ ತಾಣಕ್ಕಿಂತ ಅನ್ಯ ತಾಣಗಳು ಕೊಂಡಿಯಿತ್ತು ಬೆರಳು ತೋರಿದ್ದೇ ಶ್ರೇಷ್ಠ, ತೋರಿದವರೂ ಗಣ್ಯರಾಗಿದ್ದರೆ ಮತ್ತಷ್ಟು ಶ್ರೇಷ್ಠ. ಆದುದರಿಂದ ಅಂತರಸಂತೆಯಿಂದ ಬರುವ ದಾರಿ, ಸಫಾರಿಯ ವೇಳೆ, ಮುದ್ದೆಯೂಟದ ದರ ಇವನ್ನೆಲ್ಲ ಸ್ಪಷ್ಟವಾಗಿ ಬರೆದು, ಗೂಗಲ್ ನಕಾಶೆಯಲ್ಲಿ ಪುಕ್ಕಟೆಯಾಗಿ ದೊರೆಯುವ ವಿವರಪುಟವನ್ನು ತುಂಬಿ, ಉಂಡು ತೃಪ್ತರಾದ ಅತಿಥಿಗಳಲ್ಲಿ ಎರಡು ಸಾಲಿನ ವಿಮರ್ಶೆಯನ್ನು ಬೇಡುವುದೇ ಸನ್ಮಾರ್ಗ. ಬೇಡುವ ಮುನ್ನ ಮುದ್ದೆಯಲ್ಲಿ ಗಂಟಿಲ್ಲವೆಂಬುದನ್ನು ಖಚಿತಪಡಿಸಿಕೊಳ್ಳುವುದು ಕ್ಷೇಮ. ಏಕೆಂದರೆ ಗಂಟು ಸಿಕ್ಕಿದ ಅತಿಥಿಯು ಎರಡು ಸಾಲಿಗೆ ನಿಲ್ಲುವವನಲ್ಲ.