ಚಿಗರಿಗೆ ಯಾವ ಗುಂಡು?

ಸಲಹೆ ಕೊಡುವುದರಲ್ಲಿ ನಮ್ಮ ಎಂ.ಕೆ. ಹುಬ್ಬಳ್ಳಿಯವರನ್ನು ಮೀರಿಸುವವರು ಮಲಪ್ರಭೆಯ ಎರಡೂ ದಂಡೆಗೆ ಸಿಗಲಾರರು. ಹೊಲಕ್ಕೆ ಯಾವ ತಳಿಯ ಕಬ್ಬು ಹಚ್ಚಬೇಕು, ಎತ್ತಿಗೆ ಸುಳಿ ಎಲ್ಲಿದ್ದರೆ ಶುಭ, ಮಗಳಿಗೆ ಬೈಲಹೊಂಗಲದ ವರ ಚಲೋನೋ ಸವದತ್ತಿಯ ವರ ಚಲೋನೋ? ಹೆದ್ದಾರಿ ಬದಿಯ ಚಹಾದಂಗಡಿಯಲ್ಲಿ ಕೇಳಿದರೆ ಒಂದು ಪ್ರಶ್ನೆಗೆ ನಾಲ್ಕು ಉತ್ತರ ಸಿಗುತ್ತವೆ. ನಾಲ್ವರ ಚಹಾದ ದುಡ್ಡು ಕೇಳಿದವನೇ ಕೊಡಬೇಕು. ಆದರೆ ‘ಹಳೆ ಮಿಲಿಟರಿ ರೈಫಲ್ಲಿನಿಂದ ಚಿಗರಿ ಹೊಡಿಯಾಕ ಯಾವ ಗುಂಡು ಚಲೋ?’ ಎಂಬ ಪ್ರಶ್ನೆ ಮಾತ್ರ ಆ ಬೆಂಚಿನ ಮೇಲೆ ಅದುವರೆಗೆ ಬಂದಿರಲಿಲ್ಲ.

ಬಂದದ್ದು ಅಮೆರಿಕದ ಪೆನ್ಸಿಲ್ವೇನಿಯಾದಿಂದ. ನನ್ನ ತಂಗಿಯ ಮಗ ಅಲ್ಲಿ ಕಂಪ್ಯೂಟರ್ ಕೆಲಸದಲ್ಲಿದ್ದಾನೆ. ಮನೆಯೊಳಗೆ ಹಲ್ಲಿ ಸತ್ತರೂ ತಲೆಮೇಲೆ ನೀರು ಹಾಕಿಕೊಳ್ಳುವ ಮನೆತನದ ಹುಡುಗ. ಅವನ ನೆರೆಮನೆಯವನಿಗೆ ಬೇಟೆಯ ಹುಚ್ಚು. ಆತ ಎಲ್ಲಿಂದಲೋ ಒಂದು ಹಳೆಯ ರೈಫಲ್ ಕೊಂಡು ತಂದ. ನೋಡಿದರೆ ಅದರ ಮೈಮೇಲೆ ಅಶೋಕನ ಸಿಂಹಗಳು, ಜೊತೆಗೆ ‘ಆರ್.ಎಫ್.ಐ.’ ಎಂಬ ಅಕ್ಷರ. ಸಿಂಹ ಕಂಡದ್ದೇ ತಡ, ನಮ್ಮ ಹುಡುಗನ ಬಾಗಿಲು ಬಡಿದ. ಭಾರತದವರಿಗೆಲ್ಲ ಯೋಗ ಬರುತ್ತದೆ, ಗಣಿತ ಬರುತ್ತದೆ; ಅಂದಮೇಲೆ ರೈಫಲ್ಲೂ ಬರಬೇಕು ಎಂದು ಅವನ ಲೆಕ್ಕ.

“ಮಾಮಾ, ಇದು ನಿಮ್ಮ ದೇಶದ್ದ ಐತಿ, ಯಾವ ಗುಂಡು ಹಾಕಬೇಕು ನೀನ ಹೇಳು ಅನ್ನಾಕತ್ತಾನ.”

“ಏನ್ ಹೊಡಿತಾನಂತ?”

“ಜಿಂಕಿ. ಹೊಡಿಯಾಂವ ಅಂವ, ಪಾಪನೂ ಅಂವಂದ. ನಾ ಬರೇ ಕೇಳಾಕತ್ತೀನಿ.”

ಪಾಪ ಅವನದೇ ಆದರೂ ಸಲಹೆ ನಮ್ಮದಾಗುತ್ತದಲ್ಲ! ಆದರೆ ಕೇಳಿದ ಪ್ರಶ್ನೆಗೆ ಉತ್ತರ ಕೊಡದೆ ಬಿಡುವುದು ನಮ್ಮೂರ ಜಾಯಮಾನವಲ್ಲ. ಬಂದೂಕು ಬಲ್ಲವರಿಗೂ ನಮ್ಮ ಸೀಮೆಯಲ್ಲಿ ಬರವಿಲ್ಲ. ಬೆಳಗಾವಿಯಲ್ಲಿ ಮರಾಠಾ ಲಘು ಪದಾತಿ ದಳದ ಕೇಂದ್ರವಿದೆ. ಸುತ್ತಲಿನ ಹಳ್ಳಿಗಳಲ್ಲಿ ಪಿಂಚಣಿ ಎಣಿಸುವ ಮಾಜಿ ಸೈನಿಕರಿದ್ದಾರೆ. ನನಗೆ ಪರಿಚಯದ ಸುಭೇದಾರರೊಬ್ಬರು ನಿವೃತ್ತಿಯ ಬಳಿಕ ಒಂದು ಬ್ಯಾಂಕಿನ ಬಾಗಿಲಲ್ಲಿ ಜೋಡುನಳಿಗೆ ಬಂದೂಕು ಹಿಡಿದು ಕೂತವರು. ಅಲ್ಲಿ ಅವರು ಗುಂಡು ಹಾರಿಸುವ ಪ್ರಸಂಗ ಬರಲೇ ಇಲ್ಲ. ಹಣ ತುಂಬುವ ಚಲನ್ ಬರೆದುಕೊಟ್ಟದ್ದಕ್ಕೆ ಮಾತ್ರ ಲೆಕ್ಕವಿಲ್ಲ.

ಹುಡುಗ ಕಳಿಸಿದ ರೈಫಲ್ಲಿನ ಫೋಟೋ ತೋರಿಸಿದ ಕೂಡಲೇ ಸುಭೇದಾರರ ಬೆನ್ನು ನೆಟ್ಟಗಾಯಿತು. “ಮಾಸ್ತರ್ರ, ಇದು ಇಶಾಪುರದ್ದು. ನಮ್ಮ ಕಾರ್ಖಾನೀದು!” ಎಂದರು. ಕಲ್ಕತ್ತೆಯ ಬಳಿಯ ಇಶಾಪುರ ರೈಫಲ್ ಕಾರ್ಖಾನೆ ಎರಡು ಮಹಾಯುದ್ಧಗಳ ಕಾಲದಲ್ಲೂ .303 ಲೀ-ಎನ್‌ಫೀಲ್ಡ್ ರೈಫಲ್ ಮಾಡಿದ ಜಾಗ. ನಮ್ಮ ಪೊಲೀಸರ ಹೆಗಲ ಮೇಲೆ ನಾವೆಲ್ಲ ಕಂಡ ‘ತ್ರೀ ನಾಟ್ ತ್ರೀ’ ಅದೇ. ಪ್ರತಿ ಗುಂಡಿಗೂ ಬೋಲ್ಟನ್ನು ಕೈಯಿಂದ ಎಳೆದು ದೂಡಬೇಕು. 1962ರಲ್ಲಿ ಚೀನಾ ಗಡಿಯಲ್ಲಿ ನಮ್ಮ ಜವಾನರ ಕೈಯಲ್ಲಿ ಇದ್ದದ್ದೂ ಅದೇ. ಆ ಪೆಟ್ಟು ತಿಂದ ಮೇಲೆ ಇಶಾಪುರದವರು ಅದೇ ಹಳೆಯ ಆಕಾರದೊಳಗೆ ಗಟ್ಟಿ ಉಕ್ಕು ಹಾಕಿ, 7.62 ಮಿಲಿಮೀಟರಿನ ಹೊಸ ತೋಟೆ ಹಿಡಿಯುವಂತೆ ತಿದ್ದಿದರು. ಮೊದಲು ಬಂದದ್ದು ‘2ಎ’, ಆಮೇಲಿನದು ‘2ಎ1’. ಮೊದಲನೆಯದರಲ್ಲಿ ಗುರಿಪಟ್ಟಿ 2,000 ಮೀಟರಿನವರೆಗೆ ಇತ್ತು. ಎರಡನೆಯದರಲ್ಲಿ ಅದನ್ನು 800 ಮೀಟರಿಗೆ ಇಳಿಸಿದರು. ಸರಕಾರ ತಾನು ಕೊಟ್ಟ ಭರವಸೆಯನ್ನು ತಾನೇ ಅರ್ಧಕ್ಕಿಂತ ಕಡಿಮೆ ಮಾಡಿ, ಅದನ್ನು ಸುಧಾರಣೆ ಎಂದು ಕರೆದು, ಜನ ಒಪ್ಪಿಕೊಂಡ ಅಪರೂಪದ ಸಂಗತಿ ಇದು. ಈ ರೈಫಲ್ಲುಗಳಲ್ಲಿ ಎಷ್ಟೋ ಮುಂದೆ ಹಳೆಯ ಸಾಮಾನಾಗಿ ಅಮೆರಿಕಕ್ಕೆ ಮಾರಾಟವಾದವು. ಚೀನಿಯರಿಗೆಂದು ಮಾಡಿದ್ದು ಪೆನ್ಸಿಲ್ವೇನಿಯಾದ ಜಿಂಕೆಯ ಹಣೆಬರಹದಲ್ಲಿ ಇತ್ತು.

“ಅಂದ್ರ ಮಿಲಿಟರಿ ಗುಂಡ ಹಾಕಿದ್ರಾತಿಲ್ರಿ?” ಎಂದೆ.

ಸುಭೇದಾರರು ನನ್ನ ಕಡೆ ನೋಡಿದ ರೀತಿ, ತಾಳಿ ಇಲ್ಲದೆ ಮದುವೆ ಮಾಡಿದರಾಗದೇ ಎಂದು ಕೇಳಿದವನನ್ನು ಐನವರು ನೋಡುವ ರೀತಿಯಲ್ಲಿತ್ತು. ಸೈನ್ಯದ ಗುಂಡಿನ ಸೀಸಕ್ಕೆ ಮೂತಿಯವರೆಗೂ ಗಟ್ಟಿ ಲೋಹದ ಹೊದಿಕೆ ಇರುತ್ತದೆ. ಅದು ಹೊಕ್ಕ ಆಕಾರದಲ್ಲೇ ಆಚೆ ಬದಿಗೆ ಹೊರಬೀಳಬಹುದು. ಜಿಂಕೆ ಆಗಲೂ ಓಡುತ್ತದೆ. ಎಲ್ಲೋ ಪೊದೆಯೊಳಗೆ, ಹೊಡೆದವನಿಗೂ ಸಿಗದೆ, ನರಳಿ ಸಾಯುತ್ತದೆ. ಬೇಟೆಯ ಗುಂಡಿನ ಮೂತಿಯಲ್ಲಿ ಸೀಸ ಬಯಲಾಗಿರುತ್ತದೆ. ತಾಕಿದೊಡನೆ ಅಗಲವಾಗಿ, ತನ್ನ ಜೋರನ್ನೆಲ್ಲ ಒಳಗೇ ಚೆಲ್ಲಿ, ಪ್ರಾಣಿಯನ್ನು ನಿಂತಲ್ಲೇ ಕೆಡವುತ್ತದೆ. ಇದಕ್ಕೆ ‘ಸಾಫ್ಟ್ ನೋಸ್’ ಎಂದು ಹೆಸರು. ಪೆನ್ಸಿಲ್ವೇನಿಯಾದಲ್ಲಿ ಜಿಂಕೆಗೆ ಹೀಗೆ ಅರಳುವ ಗುಂಡನ್ನೇ ಬಳಸಬೇಕೆಂದು ಕಾನೂನಿದೆ. ಜೊತೆಗೆ ಬೇಟೆಗಾರ ಕಣ್ಣು ಕುಕ್ಕುವ ಕಿತ್ತಳೆ ಬಣ್ಣದ ಅಂಗಿ ತೊಡಬೇಕು, ಇನ್ನೊಬ್ಬ ಬೇಟೆಗಾರ ಇವನನ್ನೇ ಹೊಡೆಯದಿರಲಿ ಎಂದು. ಜಿಂಕೆಗೆ ಆ ಬಣ್ಣ ನಮಗೆ ಕಂಡಂತೆ ಕಾಣುವುದಿಲ್ಲವಂತೆ.

ಈ ಮೆತ್ತನೆಯ ಮೂತಿ ಕುಖ್ಯಾತವಾದದ್ದೂ ನಮ್ಮ ದೇಶದಲ್ಲೇ, ಕಲ್ಕತ್ತೆಯಲ್ಲಿ ವಿಮಾನ ಇಳಿಯುವ ಡಮ್‌ಡಮ್‌ನಲ್ಲಿ. 1890ರ ದಶಕದಲ್ಲಿ ವಾಯವ್ಯ ಗಡಿಯ ಕಾಳಗಗಳಿಂದ ಬ್ರಿಟಿಷ್ ಸಿಪಾಯಿಗಳು ಒಂದು ದೂರು ತಂದರು: .303 ಗುಂಡು ತಾಕಿದರೂ ಪಠಾಣ ನಿಲ್ಲುವುದಿಲ್ಲ, ಮೈಮೇಲೆ ಬರುತ್ತಲೇ ಇರುತ್ತಾನೆ. ಡಮ್‌ಡಮ್ ಮದ್ದುಗುಂಡು ಕಾರ್ಖಾನೆಯಲ್ಲಿದ್ದ ನೆವಿಲ್ ಬರ್ಟಿ-ಕ್ಲೇ ಎಂಬ ಕ್ಯಾಪ್ಟನ್ನು ಗುಂಡಿನ ಮೂತಿಯ ಹೊದಿಕೆ ತೆಗೆದು ಸೀಸವನ್ನು ಬಯಲು ಮಾಡಿದ. ಗಾಯ ಘೋರವಾಯಿತು, ಊರಿನ ಹೆಸರು ಗುಂಡಿಗೆ ಅಂಟಿತು. 1899ರಲ್ಲಿ ಹೇಗ್‌ನಲ್ಲಿ ಸೇರಿದ ದೇಶಗಳು ಯುದ್ಧದಲ್ಲಿ ಇಂಥ ಗುಂಡು ಬೇಡವೆಂದು ಘೋಷಿಸಿದವು. ಬ್ರಿಟನ್ ಮೊದಲು ಮುಖ ತಿರುಗಿಸಿ 1907ರಲ್ಲಿ ಒಪ್ಪಿತು.

ಎಷ್ಟು ವಿಚಿತ್ರ ನೋಡಿ. ಮನುಷ್ಯನಿಗೆ ಕ್ರೂರವೆಂದು ಯಾವ ಗುಂಡನ್ನು ನಿಷೇಧಿಸಿದರೋ ಅದನ್ನೇ ಕರುಣೆಯೆಂದು ಜಿಂಕೆಗೆ ಕಡ್ಡಾಯ ಮಾಡಿದರು. ಸಿಪಾಯಿಗೆ ಸಾಯದಿರುವ ಅವಕಾಶ ಕೊಡುವುದು ದಯೆ; ಜಿಂಕೆಗೆ ಬೇಗ ಸಾಯುವ ಅವಕಾಶ ಕೊಡುವುದು ದಯೆ. ಎರಡು ದಯೆಗಳನ್ನೂ ಬರೆದದ್ದು ಬಂದೂಕು ಹಿಡಿದವರೇ. ಜಿಂಕೆಯ ಅಭಿಪ್ರಾಯವನ್ನು ಹೇಗ್‌ನಲ್ಲಾಗಲಿ ಪೆನ್ಸಿಲ್ವೇನಿಯಾದಲ್ಲಾಗಲಿ ಯಾರೂ ಕೇಳಿದಂತಿಲ್ಲ.

ಗುಂಡಿನ ತೂಕಕ್ಕೂ ಒಂದು ಶಾಸ್ತ್ರವಿದೆ. ಬೇಟೆಗಾರರು ಗ್ರಾಂ ಎನ್ನುವುದಿಲ್ಲ, ‘ಗ್ರೇನ್’ ಎನ್ನುತ್ತಾರೆ. 7.62ಕ್ಕೆ ಜಿಂಕೆಯ ಗುಂಡು ಸಾಮಾನ್ಯವಾಗಿ 150 ಗ್ರೇನ್, .303ಕ್ಕೆ 150 ಅಥವಾ 180. ನನಗೆ ಇದು ಅರ್ಥವಾಗಲಿಲ್ಲ. ಪಕ್ಕದಲ್ಲಿ ಕೂತಿದ್ದ ಪತ್ತಾರರಿಗೆ ತಕ್ಷಣ ಆಯಿತು. 180 ಗ್ರೇನೆಂದರೆ ಕರಾರುವಾಕ್ಕಾಗಿ ಒಂದು ತೊಲಿ! ಬ್ರಿಟಿಷರು 1833ರಲ್ಲಿ ತೊಲಿಯನ್ನು ನಿಗದಿ ಮಾಡಿದ್ದೇ ಹಾಗೆ. 150 ಗ್ರೇನೆಂದರೆ 80 ಗುಂಜಿ. “ಬಂಗಾರ ಇದ್ರ ಒಂದ್ ಗುಂಡಿನ್ಯಾಗ ಒಂದ್ ಮದಿವಿ ಆಕ್ಕಿತ್ರಿ” ಎಂದು ಪತ್ತಾರರು ನಿಟ್ಟುಸಿರಿಟ್ಟರು.

ಇನ್ನೊಂದು ತೊಡಕು ಉಳಿದಿತ್ತು. ಅಂಗಡಿಯಲ್ಲಿ ಸಿಗುವ ಬೇಟೆಯ ತೋಟೆಯ ಮೇಲೆ ‘.308 ವಿಂಚೆಸ್ಟರ್’ ಎಂದಿರುತ್ತದೆ, ರೈಫಲ್ಲಿನ ಮೇಲೆ ‘7.62’ ಎಂದು. ಎರಡೂ ಅವಳಿ ಇದ್ದ ಹಾಗೆ ಕಂಡರೂ ಅಳತೆಯಲ್ಲೂ ಒತ್ತಡದಲ್ಲೂ ಕೂದಲೆಳೆಯ ವ್ಯತ್ಯಾಸ ಉಂಟು. ಹಾಕಬಹುದು ಎನ್ನುವವರೂ ಇದ್ದಾರೆ, ಬೇಡ ಎನ್ನುವವರೂ ಇದ್ದಾರೆ. ಸುಭೇದಾರರ ತೀರ್ಪು ಸ್ಪಷ್ಟವಾಗಿತ್ತು: “ಅರವತ್ತು ವರ್ಷದ ರೈಫಲ್ ಅದು. ಮೊದಲ ಬಂದೂಕು ರಿಪೇರಿ ಮಾಡಾವಂಗ ತೋರ್ಸಿ, ಗುಂಡು ಕೂಡೋ ಜಾಗ ಅಳಸು ಅನ್ರಿ. ಅಂವ ಹೂಂ ಅಂದಮ್ಯಾಲ ಗುಂಡಿನ ಮಾತು.” ಇದನ್ನೇ ಹುಡುಗನಿಗೆ ತಿಳಿಸಿದೆ. ಅಮೆರಿಕದ ಮಾತು ಅಲ್ಲಿಗೆ ಮುಗಿಯಿತು.

ಬೆಂಚಿನ ಮೇಲಿನ ಮಾತು ಮುಗಿಯಬೇಕಲ್ಲ. ಇದೇ ಹೆದ್ದಾರಿ ಹಿಡಿದು ಧಾರವಾಡದ ಕಡೆ ಹೊರಟರೆ ಕಿತ್ತೂರು ಬರುತ್ತದೆ. 1824ರ ಅಕ್ಟೋಬರ್ 23ರಂದು ಧಾರವಾಡದ ಕಲೆಕ್ಟರ್ ಥ್ಯಾಕರೆ ಅಲ್ಲಿನ ಕೋಟೆಯ ಮುಂದೆ ಸತ್ತ. ಹೊಡೆದವ ಅಮಟೂರ ಬಾಳಪ್ಪ ಎಂದು ನಮ್ಮ ಕಡೆ ಕೂಸಿಗೂ ಗೊತ್ತು. ಬಾಳಪ್ಪನ ಬಂದೂಕಿನೊಳಗೆ ಯಾವ ಗುಂಡಿತ್ತು ಎಂದು ಯಾರೂ ಕೇಳುವುದಿಲ್ಲ, ಗುರಿಯ ಮಾತು ಮಾತ್ರ ಉಳಿದಿದೆ. ಆದರೆ ಡಿಸೆಂಬರಿನ ಎರಡನೆಯ ಕಾಳಗದ ಬಗ್ಗೆ ಜನ ಹೇಳುವ ಕಥೆ ಪೂರ್ತಿ ಮದ್ದಿನದೇ. ಕೋಟೆಯೊಳಗಿನ ದ್ರೋಹಿಗಳು ತೋಪಿನ ಮದ್ದಿನಲ್ಲಿ ಸಗಣಿ ಬೆರೆಸಿದರು, ರಾಣಿ ಚೆನ್ನಮ್ಮನ ತೋಪು ಮೂಕಾಯಿತು ಎಂದು ಹಿರಿಯರು ಇಂದಿಗೂ ಹಲ್ಲು ಕಡಿಯುತ್ತಾರೆ.

1857ಕ್ಕೆ ಬನ್ನಿ. ಎನ್‌ಫೀಲ್ಡ್ ರೈಫಲ್ಲಿನ ಕಾಗದದ ತೋಟೆಯನ್ನು ಹಲ್ಲಿನಿಂದ ಕಚ್ಚಿ ಹರಿಯಬೇಕಿತ್ತು. ಅದಕ್ಕೆ ಸವರಿದ್ದು ದನದ, ಹಂದಿಯ ಕೊಬ್ಬು ಎಂಬ ಸುದ್ದಿ ಮೊದಲು ಹೊಗೆಯಾಡಿದ್ದು ಅದೇ ಡಮ್‌ಡಮ್‌ನಲ್ಲಿ. ‘ಜಿಡ್ಡನ್ನು ನೀವೇ ಸವರಿಕೊಳ್ಳಿ’ ಎಂದು ಸರಕಾರ ಆಮೇಲೆ ಹೇಳಿ ನೋಡಿತು, ಹೊತ್ತು ಮೀರಿತ್ತು. ಆ ವರ್ಷವೇ ಶಸ್ತ್ರಗಳನ್ನು ಒಪ್ಪಿಸಿ, ಪರವಾನಗಿ ಪಡೆಯಿರಿ ಎಂಬ ಕಾಯ್ದೆ ಬಂತು. ಮುಧೋಳದ ಹತ್ತಿರದ ಹಲಗಲಿಯ ಬೇಡರು ಒಪ್ಪಲಿಲ್ಲ. ಬೇಟೆಯೇ ಬದುಕಾದವರಿಗೆ ಆಯುಧ ಕೊಡು ಎಂದರೆ ಕೈ ಕಡಿದು ಕೊಡು ಎಂದಂತೆ. ನವೆಂಬರ್ ಕೊನೆಗೆ ದಂಡು ಬಂದು ಊರಿಗೆ ಬೆಂಕಿ ಇಟ್ಟಿತು. ಡಿಸೆಂಬರಿನಲ್ಲಿ 13 ಜನರನ್ನು ಮುಧೋಳದಲ್ಲಿ, 6 ಜನರನ್ನು ಹಲಗಲಿಯಲ್ಲಿ ಗಲ್ಲಿಗೇರಿಸಿದರು. ಆ ಕಥೆಯ ಲಾವಣಿಯನ್ನು ಈಗಲೂ ನಮ್ಮಲ್ಲಿ ಹಾಡುತ್ತಾರೆ. ಯಾವ ಕೈಗೆ ಯಾವ ಗುಂಡು ಎಂಬುದನ್ನು ಬೇಟೆಗಾರ ತೀರ್ಮಾನಿಸುವ ಕಾಲ ಆಗಲೇ ಮುಗಿಯಿತು. ಅಲ್ಲಿಂದ ಮುಂದೆ ಅದು ಕಚೇರಿಯ ಕಾಗದದ ಕೆಲಸ.

ಆ ಕಾಗದ ಹೊಸ ತೋಟೆಯ ಹೆಸರನ್ನೂ ಮನೆಮಾತು ಮಾಡಿತು. ಸೈನ್ಯದ .303 ಪ್ರಜೆಗಳ ಕೈಗೆ ಸಿಗಬಾರದು ಎಂದು ಬ್ರಿಟಿಷರು ತಡೆದರು; ಇವತ್ತಿಗೂ ಅದು ನಿಷೇಧಿತ ಬೋರು. ಹಾಗಾಗಿ ನಮ್ಮಲ್ಲಿ ಲೈಸನ್ಸುದಾರರಿಗೆ ಸಿಗುವ ರೈಫಲ್ಲೆಂದರೆ ಹೆಚ್ಚಾಗಿ ‘ತ್ರೀ ಫಿಫ್ಟೀನ್’. ಇಶಾಪುರದ್ದೇ ಮಾಲು, ಲೀ-ಎನ್‌ಫೀಲ್ಡಿನದೇ ಮೈಕಟ್ಟು, ಬೇರೆ ತೋಟೆ. 244 ಗ್ರೇನಿನ ಅದರ ಗುಂಡು ಒಂದೂಕಾಲು ತೊಲಿಗೂ ಮೇಲೆ. ಒಟ್ಟಿನಲ್ಲಿ ಭಾರತದಲ್ಲಿ ಮಾಡಿದ ಮಿಲಿಟರಿ ರೈಫಲ್ಲನ್ನು ಅಮೆರಿಕದವ ಕೊಂಡು ತರಬಹುದು, ನಾವು ಕೊಳ್ಳುವಂತಿಲ್ಲ. ಉತ್ತರ ಪ್ರದೇಶದ ಪೊಲೀಸರು 2020ರ ಗಣರಾಜ್ಯೋತ್ಸವದ ಕವಾಯತಿನಲ್ಲಿ .303ಕ್ಕೆ ಬೀಳ್ಕೊಡುಗೆಯನ್ನೇ ಮಾಡಿದರು. ನಮ್ಮಲ್ಲಿ ನೌಕರರಿಗೆ ಆಗುವ ಹಾಗೆ.

ಇನ್ನು ಲೈಸನ್ಸಿದ್ದ ಬಂದೂಕಿನ ಪಾಡು. ಬೆಳೆ ಕಾಯಲೆಂದು ಪಡೆದ ಬಂದೂಕು ಖಂಡೇಪೂಜೆಯ ದಿನ ಭಂಡಾರ, ಕುಂಕುಮ ಹಚ್ಚಿಸಿಕೊಂಡು, ಚುನಾವಣೆ ಬಂದಾಗ ಪೊಲೀಸ್ ಠಾಣೆಗೆ ಹೋಗುತ್ತದೆ. ಗ್ರಾಮ ಪಂಚಾಯಿತಿ, ವಿಧಾನಸಭೆ, ಲೋಕಸಭೆ ಎಂದು ನಮ್ಮಲ್ಲಿ ಚುನಾವಣೆಗೆ ಬರಗಾಲವಿಲ್ಲ. ಹಂದಿಗಳಿಗೆ ಈ ವೇಳಾಪಟ್ಟಿ ಬಾಯಿಪಾಠವಾಗಿದೆ ಎಂದು ರೈತರು ಹೇಳುತ್ತಾರೆ. ಹಂದಿಗೆ ಮತದಾನದ ಹಕ್ಕಿಲ್ಲ ಎಂಬ ಒಂದೇ ಸಮಾಧಾನ.

ಮತ್ತು ಚಿಗರಿ? ನಮ್ಮ ಕಡೆ ಚಿಗರಿ ಎಂದರೆ ಕೃಷ್ಣಮೃಗ; ಅದು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲನೆಯ ಪಟ್ಟಿಯಲ್ಲಿದೆ. ಆ ಕಾಯ್ದೆಯಲ್ಲಿ ಲೈಸನ್ಸ್ ಪಡೆದು ಬೇಟೆಯಾಡಲು ಉಳಿದಿದ್ದ ಕಿಂಡಿಯನ್ನು 1991ರ ತಿದ್ದುಪಡಿ ಮುಚ್ಚಿತು. ಮೊದಲನೆಯ ಪಟ್ಟಿಯ ಪ್ರಾಣಿಯನ್ನು ಹೊಡೆದರೆ ಕನಿಷ್ಠ 3 ವರ್ಷ, ಗರಿಷ್ಠ 7 ವರ್ಷ ಜೈಲು, ಮೇಲೆ ದಂಡ. 1998ರಲ್ಲಿ ಜೋಧಪುರದ ಬಳಿ ಸತ್ತ ಕೃಷ್ಣಮೃಗಗಳ ಪ್ರಕರಣದಲ್ಲಿ ನಟ ಸಲ್ಮಾನ್ ಖಾನರಿಗೆ 2018ರಲ್ಲಿ 5 ವರ್ಷದ ಶಿಕ್ಷೆಯ ತೀರ್ಪು ಬಂದು, ಮೇಲ್ಮನವಿ ಹೋಯಿತು. ತೇಜಸ್ವಿಯವರು ಕನ್ನಡಕ್ಕೆ ತಂದ ಕೆನೆತ್ ಆಂಡರ್ಸನ್ನರ ಕಾಡಿನ ಕಥೆಗಳನ್ನು ಓದಿ ನಾವೆಲ್ಲ .405 ವಿಂಚೆಸ್ಟರ್ ಹಿಡಿದು ಹಾಸಿಗೆಯಲ್ಲೇ ನರಭಕ್ಷಕಗಳನ್ನು ಉರುಳಿಸಿದವರು. ಅಷ್ಟು ಬೇಟೆ ಒಂದು ಜನ್ಮಕ್ಕೆ ಸಾಕು. ಚಿಗರಿಯ ಹಂಬಲ ಇನ್ನೂ ಇದ್ದವರು ಹುಬ್ಬಳ್ಳಿ-ಧಾರವಾಡದ ನಡುವೆ ಓಡುವ ಆ ಹೆಸರಿನ ಬಸ್ಸನ್ನು ಹಿಡಿಯಬಹುದು. ಅದಕ್ಕೆ ಟಿಕೆಟ್ ತೆಗೆಸಿದರಾಯಿತು.

ಓದುಗರಲ್ಲಿ ಯಾರ ಮನೆಯ ಅಟ್ಟದ ಮೇಲಾದರೂ ಅಜ್ಜನ ಕಾಲದ ಬಂದೂಕು ಬಟ್ಟೆ ಸುತ್ತಿಕೊಂಡು ಮಲಗಿದ್ದರೆ ಒಂದು ಮಾತು. ಅದಕ್ಕೆ ಯಾವ ಗುಂಡು ಎಂದು ಹುಡುಕಲು ಹೋಗಬೇಡಿ, ‘ನಡೀತೈತೇನು ನೋಡೂಣು’ ಎಂದು ಕುದುರೆ ಎಳೆಯಲೂ ಬೇಡಿ. ಲೈಸನ್ಸ್ ಪಡೆದವರು ತೀರಿಕೊಂಡಿದ್ದರೆ ಬಂದೂಕನ್ನು ಠಾಣೆಗೋ ಪರವಾನಗಿ ಇರುವ ಅಂಗಡಿಗೋ ಒಪ್ಪಿಸಿ ರಸೀದಿ ತೆಗೆದುಕೊಳ್ಳಿ. ಇಟ್ಟುಕೊಳ್ಳಲೇಬೇಕೆಂದಿದ್ದರೆ ನಿಮ್ಮ ಹೆಸರಿನಲ್ಲಿ ಲೈಸನ್ಸಿಗೆ ಅರ್ಜಿ ಹಾಕಿ; 2019ರ ತಿದ್ದುಪಡಿಯ ಮೇಲೆ ಅದು 5 ವರ್ಷ ನಡೆಯುತ್ತದೆ, ಒಬ್ಬರಿಗೆ ಎರಡಕ್ಕಿಂತ ಹೆಚ್ಚು ಬಂದೂಕು ಸಲ್ಲದು. ಚಿಗರಿಗೆ ಯಾವ ಗುಂಡು ಎಂದು ಕೇಳುವಿರಾದರೆ, ಈ ನಾಡಿನಲ್ಲಿ ಅದಕ್ಕೆ ತಕ್ಕ ಗುಂಡು ಯಾವುದೂ ಇಲ್ಲ. ಇಲ್ಲದಿರುವುದೇ ಚಲೋ.