ಸೀಟು ಸಿಕ್ಕ ಡಾಕ್ಟ್ರು

ಡಾಕ್ಟರಾಗಲು ನಾಲ್ಕೂವರೆ ವರ್ಷ ಓದು, ಒಂದು ವರ್ಷ ಇಂಟರ್ನ್‌ಶಿಪ್ ಬೇಕೆಂಬುದು ಸರ್ಕಾರದ ಲೆಕ್ಕ. ಸೊರಬ, ಶಿಕಾರಿಪುರದ ಲೆಕ್ಕವೇ ಬೇರೆ. ಸೀಟು ಸಿಕ್ಕಿತೆಂಬ ಸುದ್ದಿ ಬಸ್‌ಸ್ಟ್ಯಾಂಡಿನ ಹೋಟೆಲ್ ಮುಟ್ಟುವಷ್ಟರಲ್ಲಿ ಹುಡುಗ ‘ಡಾಕ್ಟ್ರು’ ಆಗಿಬಿಟ್ಟಿರುತ್ತಾನೆ. ಸೊರಬದಲ್ಲಿರುವ ನಮ್ಮಕ್ಕನ ಮಗನೂ ಹಾಗೇ ಆದ. ಮೊದಲ ರಜೆಗೆ ಬಂದಾಗ ಪಕ್ಕದ ಮನೆಯ ಅಜ್ಜ ಮಂಡಿ ಹಿಡಿದುಕೊಂಡು ಬಂದರು. ಇವನು ಗಂಭೀರವಾಗಿ, “ಮಂಡಿ ನಮಗಿನ್ನೂ ಬಂದಿಲ್ಲ ಅಜ್ಜ. ಈಗ ಕೈ ನಡೀತಿದೆ. ಮುಂದಿನ ತಿಂಗಳು ಬನ್ನಿ” ಎಂದ. ಅಜ್ಜ ತಲೆಯಾಡಿಸಿ ಹೋದರು. ಮುಂದಿನ ತಿಂಗಳು ಬನ್ನಿ ಎಂದ ಮೇಲೆ ಡಾಕ್ಟರಲ್ಲದೆ ಇನ್ಯಾರು?

ಪರೀಕ್ಷೆಗೆ ಮುಂಚಿನ ಓದುವ ರಜೆ ಬಂತೆಂದರೆ ಶಿವಮೊಗ್ಗದ ಬಸ್ಸಿಳಿದು ಶಿಕಾರಿಪುರದಲ್ಲಿ ನನ್ನ ಫೋನಿಗೆ ಕರೆ: “ಮಾವ, ಸ್ವಲ್ಪ ಸ್ಟ್ಯಾಂಡಿಗೆ ಬಾ, ಲಗೇಜಿದೆ.” ಬೆನ್ನಿಗೊಂದು ಚೀಲ, ಎದೆಗೊಂದು ಚೀಲ, ಕಾಲ ಬುಡದಲ್ಲಿ ಜೆರಾಕ್ಸಿನ ಕಟ್ಟು. ಮೊದಲ ವರ್ಷ ಜೊತೆಗೊಂದು ಮರದ ಪೆಟ್ಟಿಗೆಯೂ ಇತ್ತು. ಸೊರಬದ ಬಸ್ಸಿಗೆ ಅದನ್ನು ಹತ್ತಿಸುವಾಗ ಕಂಡಕ್ಟರು ಕೇಳಿದರು:

“ಏನ್ರೀ ಅದ್ರಲ್ಲಿ?”

“ಮೂಳೆ ಸಾರ್.”

“ಯಾರ್ದು?”

“ನಮ್ಮ ಸೀನಿಯರ್ದು.”

ಕಂಡಕ್ಟರು ಲಗೇಜಿನ ಚಾರ್ಜನ್ನೂ ಕೇಳದೆ ಮುಂದಕ್ಕೆ ಹೋದರು. ಮನೆಯಲ್ಲಿ ಅವನ ಅಜ್ಜಿ ಮಾತ್ರ ಅಷ್ಟು ಸುಲಭಕ್ಕೆ ಬಿಡಲಿಲ್ಲ. ಬುರುಡೆ ಹೊಸ್ತಿಲು ದಾಟುವಂತಿಲ್ಲ ಎಂದರು. ಪೆಟ್ಟಿಗೆ ಕೊಟ್ಟಿಗೆಯ ಅಟ್ಟ ಸೇರಿತು. ಅನಾಟಮಿ ಇಡೀ ದನಗಳ ಸಮ್ಮುಖದಲ್ಲೇ ನಡೆಯಿತು.

ಇವನು ಓದುವುದಿಲ್ಲ ಎಂದರೆ ನಾಲಿಗೆಗೆ ಹುಳ ಬೀಳುತ್ತದೆ. ಬೆಳಗಿನ ನಾಲ್ಕಕ್ಕೆ ಏಳುತ್ತಾನೆ. ಎದ್ದು ಟೈಮ್‌ಟೇಬಲ್ ಬರೆಯುತ್ತಾನೆ. ಪೆಥಾಲಜಿ ಇಷ್ಟು ಪುಟ, ಫಾರ್ಮಕಾಲಜಿ ಇಷ್ಟು, ಮೈಕ್ರೋಬಯಾಲಜಿ ಇಷ್ಟು; ಉಳಿದ ದಿನಗಳಿಂದ ಭಾಗಿಸಿದರೆ ದಿನಕ್ಕೆ ಇಷ್ಟು. ಭಾಗಾಕಾರ ಮುಗಿಯುವ ಹೊತ್ತಿಗೆ ತಿಂಡಿಯ ಹೊತ್ತು. ತಿಂಡಿ ತಿಂದು ಬರುವಾಗ ಅರ್ಧ ದಿನ ಹೋಯಿತಲ್ಲ, ಮತ್ತೆ ಭಾಗಾಕಾರ. ಆಮೇಲೆ ಹೈಲೈಟರುಗಳು ಹೊರಬರುತ್ತವೆ. ಹಳದಿ ಎಂದರೆ ಮುಖ್ಯ, ಗುಲಾಬಿ ಎಂದರೆ ಬಹಳ ಮುಖ್ಯ, ಹಸಿರು ಬಂದರೂ ಬರಬಹುದು. ಕಿತ್ತಳೆ ಯಾಕೋ ಎಂದೆ. “ಹಳದಿ ಹಚ್ಚಿದ್ದು ತಪ್ಪಾಗಿತ್ತು ಮಾವ, ಅದರ ಮೇಲೆ ಗುಲಾಬಿ ಹೊಡೆದೆ.” ಕೆಲವರು ತೋಟಕ್ಕೆ ವರ್ಷವಿಡೀ ಬೇಲಿಯನ್ನೇ ಕಟ್ಟುತ್ತಿರುತ್ತಾರಲ್ಲ, ಗುದ್ದಲಿ ಮಾತ್ರ ಮೂಲೆಯಲ್ಲೇ ಇರುತ್ತದೆ, ಆ ಜಾತಿ.

ಒಂದು ಸಂಜೆ ಅಂಗಳದಲ್ಲಿ ಅಡಿಕೆ ಸುಲಿಯುತ್ತಿದ್ದರು. ಮೆಟ್ಟುಗತ್ತಿಯ ಮುಂದೆ ಕುಳಿತ ಏಳೆಂಟು ಹೆಂಗಸರು ಮಾತಾಡುತ್ತ, ನಗುತ್ತ, ಕತ್ತಿಯ ಕಡೆ ನೋಡದೆಯೇ ಒಂದೊಂದು ಕಾಯಿಗೆ ಎರಡು ಮೂರು ಹೊರಳು ಕೊಟ್ಟು ಸಿಪ್ಪೆ ಬೇರೆ ಅಡಿಕೆ ಬೇರೆ ಮಾಡುತ್ತಿದ್ದರು. ಪಕ್ಕದಲ್ಲಿ ಆಳೆತ್ತರದ ರಾಶಿ. ಡಾಕ್ಟ್ರು ಬಾಗಿಲಲ್ಲಿ ನಿಂತು, “ಇಷ್ಟೊಂದು ಯಾವಾಗ ಮುಗಿಯುತ್ತೆ ಅಜ್ಜಿ?” ಎಂದ. “ರಾಶಿ ನೋಡ್ಬಾರ್ದೋ ಮಗ, ಕೈಲಿರೋ ಕಾಯಿ ನೋಡು” ಎಂದರು ಅಜ್ಜಿ. ಇವನಿಗೆ ಆ ಮಾತು ನಾಟಿತು. ಕೂಡಲೇ ಒಳಗೆ ಓಡಿ ಅದನ್ನು ದಪ್ಪ ಅಕ್ಷರದಲ್ಲಿ ಬರೆದು, ಸುತ್ತ ಗೆರೆ ಹೊಡೆದು, ಬಣ್ಣ ತುಂಬಿ, ಗೋಡೆಗೆ ಅಂಟಿಸಿದ. ಮುಕ್ಕಾಲು ಗಂಟೆ ಹಿಡಿಯಿತು. ಟೈಮ್‌ಟೇಬಲ್ ಮತ್ತೆ ಬದಲಾಯಿತು.

ನೆನಪಿಡುವ ಉಪಾಯಗಳಲ್ಲಿ ಮಾತ್ರ ಅವನನ್ನು ಮೀರಿಸುವವರಿಲ್ಲ. ಮೈಯಲ್ಲಿರುವ 206 ಮೂಳೆಗಳಲ್ಲಿ ಒಂದು ಮಣಿಕಟ್ಟಿನಲ್ಲೇ ಎಂಟು: ಸ್ಕೇಫಾಯಿಡ್, ಲೂನೇಟ್, ಟ್ರೈಕ್ವಿಟ್ರಮ್, ಪಿಸಿಫಾರ್ಮ್, ಟ್ರಪೀಜಿಯಮ್, ಟ್ರಪಿಜಾಯಿಡ್, ಕ್ಯಾಪಿಟೇಟ್, ಹ್ಯಾಮೇಟ್. ಇಂಗ್ಲಿಷಿನವರ ಸೂತ್ರ ಅಜ್ಜಿಯೆದುರು ಹೇಳುವಂಥದ್ದಲ್ಲವೆಂದು ಸ್ವಂತದ್ದೊಂದು ಕಟ್ಟಿದ: “ಸೊರಬದ ಲಾರಿ ತೊಗರ್ಸಿ ಪೇಟೇಲಿ ಟ್ರ್ಯಾಕ್ಟರಿಗೆ ತಾಗಿ ಕಾಲುವೆ ಹಾರಿತು.” ಮನೆಮಂದಿಗೆಲ್ಲ ಬಾಯಿಪಾಠವಾಯಿತು. ವೈವಾದಲ್ಲಿ ಎಗ್ಸಾಮಿನರು ಮೂರನೆಯ ಮೂಳೆಯನ್ನು ಕೈಗಿಟ್ಟು ಇದ್ಯಾವುದಪ್ಪ ಎಂದರೆ, ಇವನು ಕಣ್ಣುಮುಚ್ಚಿ ಲಾರಿಯನ್ನು ಅಷ್ಟು ದೂರ ಓಡಿಸಿ, “ತೊಗರ್ಸಿ, ಸಾರ್” ಎಂದನಂತೆ.

ಸಿಲಬಸ್ಸಿನ ಭಾರ ಇವನೊಬ್ಬನಿಗೇ ಬಂದದ್ದಲ್ಲ ಎಂದು ಸಮಾಧಾನ ಹೇಳಲು ಒಮ್ಮೆ ಬಳ್ಳಿಗಾವಿಗೆ ಕರೆದೊಯ್ದೆ. ನಮ್ಮ ಶಿಕಾರಿಪುರ ತಾಲ್ಲೂಕಿನದೇ ಊರು, ಶಿರಾಳಕೊಪ್ಪದ ಪಕ್ಕ. ಅಲ್ಲಿ ಕೋಡಿಯ ಮಠವಿತ್ತು. 1162ರ ಶಾಸನದಲ್ಲಿ ಅಲ್ಲಿ ನಡೆಯುತ್ತಿದ್ದ ಪಾಠಗಳ ಪಟ್ಟಿಯೇ ಇದೆ: ನಾಲ್ಕು ವೇದ, ಪಾಣಿನಿ, ಶಾಕಟಾಯನ ಮೊದಲಾದ ವ್ಯಾಕರಣಗಳು, ನ್ಯಾಯ, ಮೀಮಾಂಸೆ, ಸಾಂಖ್ಯ, ಹದಿನೆಂಟು ಪುರಾಣ, ಕಾವ್ಯ, ನಾಟಕ. ಸಾಲದ್ದಕ್ಕೆ ಅನಾಥ ರೋಗಿಗಳಿಗೆ ಔಷಧವೂ ಅಲ್ಲೇ. ಕೇದಾರೇಶ್ವರನ ಗುಡಿಯ ನೆರಳಲ್ಲಿ ಎಲ್ಲ ವಿವರಿಸಿದೆ. ಡಾಕ್ಟ್ರು ನಿಟ್ಟುಸಿರು ಬಿಟ್ಟು ಹೇಳಿದ: “ಅಷ್ಟೂ ಪೋರ್ಷನ್ನು ಒಂದೇ ಕಲ್ಲಲ್ಲಾ ಮಾವ? ಎಂಥಾ ನೋಟ್ಸು! ಪಿಡಿಎಫ್ ಇದ್ಯಾ?”

ಹೊರೆ ಇಳಿಸಲು ಇವನ ಕೊನೆಯ ಅಸ್ತ್ರ ‘ಬಿಡುವುದು’. ಹಳೇ ಪ್ರಶ್ನೆಪತ್ರಿಕೆಗಳನ್ನು ಹರಡಿಕೊಂಡು, ಹೋದ ಸಲ ಬಂದದ್ದು ಈ ಸಲ ಬರಲ್ಲ, ಎರಡು ಸಲ ಬರದೇ ಇದ್ದದ್ದು ಇನ್ನು ಬರುವುದೇ ಇಲ್ಲ ಎಂದು ಕವಡೆ ಶಾಸ್ತ್ರದವರ ಹಾಗೆ ಹೇಳುತ್ತಾನೆ. ಪಾಸಿಗೆ ನೂರಕ್ಕೆ ಐವತ್ತು ಸಾಕು. ಆದ್ದರಿಂದ ಉಳಿದರ್ಧ ಪುಸ್ತಕ ಬೇರೆಯವರಿಗೆ. ಮೈಕ್ರೋಬಯಾಲಜಿಯಲ್ಲಿ ಹೀಗೆ ಗೀಟು ಹಾಕುತ್ತ ಹಾಕುತ್ತ ಒಂದು ಪುಟದಲ್ಲಿ ಅವನ ಪೆನ್ನು ನಿಂತಿತು. ಕ್ಯಾಸನೂರು ಕಾಡಿನ ಕಾಯಿಲೆ. ನಾವು ಮಂಗನ ಕಾಯಿಲೆ ಅನ್ನುವುದು. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರಿನ ಕಾಡಲ್ಲಿ ಮಂಗಗಳು ಸತ್ತು ಬಿದ್ದವು, ಜನಕ್ಕೂ ಜ್ವರ ಬಂತು, ಪತ್ತೆಯಾದ ವೈರಸ್ಸಿಗೆ ಊರಿನ ಹೆಸರೇ ನಿಂತಿತು. ಜಗತ್ತಿನ ವೈದ್ಯರೆಲ್ಲ ಓದುವ ಪುಟಗಳಲ್ಲಿ ನಮ್ಮ ಸೊರಬಕ್ಕೆ ಸಿಕ್ಕ ಜಾಗ ಇದು. “ಇದು ನಮ್ಮೂರಿಂದೇ ಅಲ್ವಾ, ಗೊತ್ತಿರುತ್ತೆ ಬಿಡು” ಎಂದು ಗೀಟು ಹಾಕಿದ.

ಪರೀಕ್ಷೆಯ ದಿನ ಮಧ್ಯಾಹ್ನ ಫೋನ್ ಬಂತು. “ಮಾವ, ಬಂತು. ಐದು ಮಾರ್ಕ್ಸಿಗೆ.”

“ಏನು ಬರೆದೆ?”

“ಅಜ್ಜಿ ಹೇಳ್ತಿದ್ದದ್ದೇ ಬರೆದೆ. ಮಂಗ ಸತ್ತಿರೋ ಕಡೆ ಹೋಗ್ಬಾರ್ದು. ಸೊಪ್ಪು ತರೋಕೆ ಕಾಡಿಗೆ ಹೋಗೋವಾಗ ಕೈಕಾಲಿಗೆ ಎಣ್ಣೆ ಹಚ್ಕೋಬೇಕು. ಬಂದ ಕೂಡ್ಲೇ ಬಿಸಿನೀರಲ್ಲಿ ಸ್ನಾನ. ಹರಡೋದು ಉಣುಗಿನಿಂದ.”

“ಉಣುಗಿನ ವೈಜ್ಞಾನಿಕ ಹೆಸರು?”

“ಅದು ಅಜ್ಜಿಗೆ ಗೊತ್ತಿಲ್ವಲ್ಲ ಮಾವ.”

“ಮತ್ತೆ?”

“ಅರ್ಧ ಪುಟ ಜಾಗ ಉಳೀತು. ಸೊರಬ ತಾಲ್ಲೂಕಿನ ಮ್ಯಾಪ್ ಬರೆದೆ.” ಸ್ವಲ್ಪ ಸುಮ್ಮನಿದ್ದು ಸೇರಿಸಿದ: “ಕ್ಯಾಸನೂರಿಗೆ ಗುಲಾಬಿ ಹಚ್ಚಿದೀನಿ.”