ಮೈಕು, ಕೌದಿ, ರಾಯರ ಕಿವಿ

ನಮ್ಮ ಗೋಡೆಯಾಚೆ ರಾಯರ ಮಗ ಕಂಡೆನ್ಸರ್ ಮೈಕ್ ತರಿಸಿದ್ದಾನೆ. ಭಾವಗೀತೆ ಹಾಡುತ್ತಾನೆ, ಕಂಠ ಪರವಾಗಿಲ್ಲ. ಅಂಥ ಮೈಕಿಗೆ ಕಿವಿ ಭಾರೀ ಚುರುಕು, ಬೇಕಾದ್ದು ಬೇಡದ್ದು ಎರಡೂ ಕೇಳುತ್ತದೆ. ಎರಡನೇ ಚರಣದಲ್ಲಿ ನಮ್ಮ ಮನೆ ಕುಕ್ಕರ್ ಕೂಗಿದ್ದೂ ದಾಖಲಾಗಿದೆಯಂತೆ. “ಅವನು ಹಾಡೋ ಹೊತ್ತಿಗೆ ಬೇಳೆ ಇಡಬೇಡೀಂತ ನಿಮ್ಮ ಮನೆಯವರಿಗೆ ಹೇಳಿ ಸ್ವಾಮಿ” ಅಂದರು ರಾಯರು. ಹೇಳುವ ಧೈರ್ಯ ಯಾರಿಗಿದೆ?

ಈಗ ಹುಡುಗ ಬಟ್ಟೆ ಬೀರುವಿನ ಬಾಗಿಲು ತೆಗೆದಿಟ್ಟು, ಅದಕ್ಕೆ ಬೆನ್ನು ಕೊಟ್ಟು ಹಾಡುತ್ತಾನೆ. ಮೈಕು ತನ್ನ ಮುಂದಿರುವುದನ್ನೇ ಹೆಚ್ಚು ಹಿಡಿಯುವುದರಿಂದ ಹಾಡುವವನ ಹಿಂದಿನ ಬೋಳುಗೋಡೆಯೇ ತಂಟೆ. ದನಿ ಅದಕ್ಕೆ ಬಡಿದು ವಾಪಸ್ ಬರುತ್ತದೆ. ಅಲ್ಲಿ ಸೀರೆ, ಶಾಲು, ಅಜ್ಜಿಯ ಕೌದಿ ಜೋತುಬಿದ್ದಿದ್ದರೆ ಅದೆಲ್ಲ ಅಲ್ಲೇ ಇಂಗಿಹೋಗುತ್ತದೆ. ಮೈಕಿಗೆ ಸುರಿದ ದುಡ್ಡಿಗಿಂತ ಕೌದಿಯೇ ಹೆಚ್ಚು ಕೆಲಸ ಮಾಡಿದೆ ಅಂದರೆ ಅವನಿಗೆ ಸಿಟ್ಟು.

ಮೊನ್ನೆ ಒಂದೇ ಹಾಡನ್ನು ಹಳೇ ಮೈಕಿನಲ್ಲೂ ಹೊಸದರಲ್ಲೂ ಹಾಡಿ ನಮ್ಮನ್ನು ಕೂರಿಸಿ ಕೇಳಿಸಿದ. ಹೊಸದು ಶುರುವಾಗುತ್ತಲೇ ರಾಯರು, “ಆಹಾ, ಏನು ತುಂಬಿದ ದನಿ!” ಅಂದರು. ತುಂಬದೆ ಏನು, ಅದರ ವಾಲ್ಯೂಮ್ ಒಂದು ಚೂರು ಮೇಲಿತ್ತು. ಫ್ಲೆಚರ್, ಮನ್ಸನ್ ಎಂಬಿಬ್ಬರು 1933ರಲ್ಲೇ ಅಳೆದು ತೋರಿಸಿದ್ದಾರೆ: ಸದ್ದು ಮೆಲ್ಲಗಿದ್ದರೆ ಮಂದ್ರದ ಭಾಗ ಕಿವಿಗೆ ಸರಿಯಾಗಿ ದಕ್ಕುವುದಿಲ್ಲ, ಜೋರಾದಂತೆ ತುಂಬಿಕೊಳ್ಳುತ್ತದೆ. ಅಂಗಡಿಯವನು ಮಾರಬೇಕೆಂದಿರುವ ಸ್ಪೀಕರನ್ನು ಕೂದಲೆಳೆಯಷ್ಟು ಜೋರು ಮಾಡಿದರೆ ಸಾಕು, ನಮ್ಮ ಕೈ ತಾನಾಗಿ ಜೇಬಿಗೆ ಹೋಗುತ್ತದೆ. ಎರಡನ್ನೂ ಒಂದೇ ಮಟ್ಟಕ್ಕೆ ತರಿಸಿ, ಯಾವುದು ಯಾವುದೆಂದು ಹೇಳದೆ ಹಾಕಿಸಿದೆ. ರಾಯರು ಕಣ್ಣು ಮುಚ್ಚಿ ಕೇಳಿ ಹಳೇದನ್ನೇ ಮೆಚ್ಚಿದರು. ಮಗನ ಮುಖ ನೋಡಬೇಕಿತ್ತು.

ಹಾಗಂತ ಎಲ್ಲವೂ ಅವರವರ ಕಿವಿಗೆ ಬಿಟ್ಟದ್ದು ಅನ್ನಲಾರೆ. ಫ್ಯಾನಿನ ಗರಗರ, ದನಿ ಮಿತಿ ಮೀರಿ ಒಡೆದು ಚರಚರ ಅನ್ನುವುದು, ಇವೆಲ್ಲ ಶುದ್ಧ ದೋಷ. ಅದನ್ನು ದಾಟಿದ ಮೇಲೆ ಮಾತ್ರ ಅಭಿರುಚಿಯ ಜಗಳ.

ಆ ಜಗಳಕ್ಕೆ ಯಮಾಹಾದ ಎನ್‌ಎಸ್-10 ಸ್ಪೀಕರ್ ನೋಡಿ. 1978ರಲ್ಲಿ ಮನೆಯಲ್ಲಿ ಹಾಡು ಕೇಳುವವರಿಗೆಂದೇ ಬಂದದ್ದು, ಅವರಿಗೇ ಹಿಡಿಸಲಿಲ್ಲ. ಮೂಲೆ ಸೇರಬೇಕಾದ ಅದನ್ನು ಸ್ಟುಡಿಯೋದವರು ಹೊತ್ತೊಯ್ದು ಮಿಕ್ಸಿಂಗ್ ಮೇಜಿನ ಮೇಲೆ ಕೂರಿಸಿದರು. ಹಾಡಿನ ಹುಳುಕನ್ನೆಲ್ಲ ಎತ್ತಿ ತೋರಿಸುತ್ತದಂತೆ. ಇದರಲ್ಲಿ ಪಾಸಾದರೆ ಎಲ್ಲೆಲ್ಲೂ ಪಾಸು ಎಂಬ ನಂಬಿಕೆ. ತಾರದ ಸದ್ದು ಕಿವಿಗೆ ಚುಚ್ಚುತ್ತಿತ್ತು. ಅದಕ್ಕೆ ಟ್ವೀಟರ್ ಮುಂದೆ ಟಿಶ್ಯೂ ಕಾಗದ ಅಂಟಿಸಿಕೊಂಡರು! ಆಮೇಲೆ ಯಾವ ಕಾಗದ, ಎಷ್ಟು ಪದರ ಅಂತ ಯಂತ್ರವಿಟ್ಟು ಅಳೆದವರೂ ಉಂಟು. 2001ರಲ್ಲಿ ಅದರ ತಯಾರಿಕೆ ನಿಂತಿತು. ಬಿಳಿ ಕೋನಿನ ಹಳೇ ಜೋಡಿಗಳಿಗೆ ಇವತ್ತೂ ಗಿರಾಕಿ ಇದ್ದಾರೆ. ಕೇಳಲು ಹಿತವಲ್ಲ ಅನ್ನಿಸಿಕೊಂಡ ಪೆಟ್ಟಿಗೆ ಕೇಳಲು ಹಿತವಾದ ಹಾಡುಗಳನ್ನು ತೂಗಿತು!

ಹುಡುಗನಿಗೆ ಇನ್ನೊಂದು ಕಥೆಯನ್ನೂ ಹೇಳಿದೆ. 1982ರಲ್ಲಿ ಅಮೆರಿಕದ ಹೆಸರಾಂತ ಗಾಯಕ ಬ್ರೂಸ್ ಸ್ಪ್ರಿಂಗ್‌ಸ್ಟೀನ್ ನ್ಯೂಜೆರ್ಸಿಯ ಮನೆಯಲ್ಲಿ ಕೂತು, ನಾಲ್ಕು ಟ್ರ್ಯಾಕಿನ ಕ್ಯಾಸೆಟ್ ಯಂತ್ರ, ಎರಡು ಸಾದಾ ಶೂರ್ ಮೈಕುಗಳಲ್ಲಿ ಹಾಡಿಕೊಂಡದ್ದು ಬರೀ ಮಾದರಿಗೆಂದು. ಬಳಿಕ ಸ್ಟುಡಿಯೋದಲ್ಲಿ ಬ್ಯಾಂಡ್ ಸಮೇತ ಮಾಡಿ ನೋಡಿದರೂ ಒಗ್ಗಲಿಲ್ಲ. ಕೊನೆಗೆ ಆ ಕ್ಯಾಸೆಟ್ಟಿನದ್ದೇ ‘ನೆಬ್ರಾಸ್ಕಾ’ ಆಲ್ಬಮ್ ಆಯಿತು.

“ಅವರು ಸ್ಪ್ರಿಂಗ್‌ಸ್ಟೀನ್, ಅಂಕಲ್” ಅಂದ. ಅದಕ್ಕೇನು ಹೇಳಲಿ?

ಅಷ್ಟರಲ್ಲಿ ಒಳಗಿನಿಂದ ಅವನಮ್ಮ, “ಎರಡರಲ್ಲೂ ಮೂಗು ಕಟ್ಟಿದೆಯಲ್ಲೋ, ಮೊದಲು ಶುಂಠಿ ಕಷಾಯ ಕುಡಿ ಬಾ” ಅಂದರು. ರಾಯರು ನನಗೂ ಒಂದು ಲೋಟ ಹೇಳಿದರು.